ಸಿಸ್ಟರಮ್ಮನ ಎಫ್ ಶಾರ್ಪ್

ಕೈಗಂಟೆಯ ಮೇಳಕ್ಕೆ ಸಂಗೀತ ಬರೆಯುವವನು ಮೊದಲು ತಿಳಿದಿರಬೇಕಾದದ್ದು ಸಂಗೀತವಲ್ಲ, ಹಾಜರಿ. ಪಿಟೀಲಿನವನೊಬ್ಬ ಬಾರದಿದ್ದರೆ ಪಕ್ಕದ ಪಿಟೀಲಿನವನು ಅವನ ಪಾಲನ್ನೂ ಹೇಗೋ ತೂಗಿಸಿಯಾನು. ಇಲ್ಲಿ ಹಾಗಿಲ್ಲ. ಒಂದು ಗಂಟೆಗೆ ಒಂದೇ ಸ್ವರ. ಒಂದೊಂದು ಕೈಗೆ ಒಂದೊಂದು ಗಂಟೆ. ಒಬ್ಬ ಮನುಷ್ಯನೆಂದರೆ ಎರಡು ಸ್ವರ. ಗಾಂಧಾರದವನಿಗೆ ನೆಗಡಿಯಾಯಿತೋ, ಆ ಭಾನುವಾರ ಇಡೀ ಚರ್ಚಿಗೆ ಗಾಂಧಾರವೇ ಇಲ್ಲ. ಆದ್ದರಿಂದ ನಾನು ಪೆನ್ನಿಗೆ ಮಸಿ ತುಂಬುವ ಮೊದಲು ಯಾರ ಮನೆಯಲ್ಲಿ ಮದುವೆ, ಯಾರು ಊಟಿಗೆ ಹೋಗಿದ್ದಾರೆ, ಯಾರ ಮೇಲೆ ಯಾರಿಗೆ ಕೋಪ ಎಂಬುದನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದೆ. ಮಹಾ ಸಂಗೀತಗಾರರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತಿತ್ತೋ ಕಾಣೆ. ನನಗೆ ಮಾತ್ರ ಮಾರ್ಕೆಟ್ಟಿನಿಂದ ಬರುತ್ತಿತ್ತು.

ಅರವತ್ತರ ದಶಕ. ಊಟಿ ಬಳಿಯ ವೆಲ್ಲಿಂಗ್ಟನ್ನಿನ ದಂಡಿನ ಕಚೇರಿಯಲ್ಲಿ ನಾನು ಸಿವಿಲಿಯನ್ ಗುಮಾಸ್ತ. ಬಂದೂಕು ಮುಟ್ಟುವ ಹಕ್ಕಿಲ್ಲ, ಸೆಲ್ಯೂಟ್ ಪಡೆಯುವ ಯೋಗವೂ ಇಲ್ಲ. ಎಲ್ಲರೂ ನನ್ನನ್ನು ರೈಟರ್ ಎನ್ನುತ್ತಿದ್ದರು. ಬ್ಯಾಂಡಿನವರ ಸ್ವರಲಿಪಿಗಳು ಹರಿದಾಗ ಅವುಗಳನ್ನು ಹೊಸ ಕಾಗದಕ್ಕೆ ಇಳಿಸುವುದು ನನ್ನ ಪಾಲಿಗೆ ಬಿದ್ದ ಕೆಲಸ. ಐದು ಗೆರೆಯ ಮೇಲೆ ಹುಣಿಸೆಬೀಜ ಚೆಲ್ಲಿದಂತಿದ್ದ ಆ ಬರಹವನ್ನು ಮೊದಮೊದಲು ತಲೆಬುಡ ತಿಳಿಯದೆ ನಕಲು ಮಾಡಿದೆ. ಮಾಡುತ್ತ ಮಾಡುತ್ತ ಕಿವಿಗಿಂತ ಮೊದಲು ಕೈಗೆ ಸಂಗೀತ ಹತ್ತಿತು. ಉಳಿದದ್ದನ್ನು ಬ್ಯಾಂಡ್ ಮಾಸ್ಟರ್ ಬೈದು ಬೈದು ಕಲಿಸಿದರು. ಬೈಗುಳದಲ್ಲಿ ಕಲಿತದ್ದು ಮರೆಯುವುದಿಲ್ಲ.

ಕಂಟೋನ್ಮೆಂಟಿನ ಚರ್ಚಿನಲ್ಲಿ ಒಂದು ಮರದ ಪೆಟ್ಟಿಗೆ ತುಂಬ ಕೈಗಂಟೆಗಳಿದ್ದವು. ಇಂಗ್ಲೆಂಡಿಗೆ ಮರಳಿದ ಯಾವುದೋ ತೋಟದ ದೊರೆಸಾನಿ ಬಿಟ್ಟುಹೋದವು. ಕಂಚಿನ ಗಂಟೆ, ಚರ್ಮದ ಹಿಡಿ, ಒಳಗೆ ಒಂದೇ ದಿಕ್ಕಿಗೆ ಆಡುವ ನಾಲಿಗೆ. ಬಾರಿಸುವವರೂ ಸೇರಿದರು, ಆದರೆ ಪುಸ್ತಕದ ಕೀರ್ತನೆಗಳನ್ನು ಗಂಟೆಗಳಿಗೆ ಹಂಚಿ ಬರೆದುಕೊಡುವವರಿಲ್ಲ. ಪಾದ್ರಿಗಳು ನನ್ನ ಸುದ್ದಿ ಕೇಳಿ ಕಚೇರಿಗೇ ಬಂದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಯೇಸುವಿನ ಕೀರ್ತನೆ ಬರೆಯಬಹುದೇ ಎಂಬ ಘನವಾದ ಧರ್ಮಜಿಜ್ಞಾಸೆಯನ್ನು ನಾನು ಆ ವಾರ ಕೂಕಲ್ತೊರೈ ಪಕ್ಕದ ನಮ್ಮ ಹಟ್ಟಿಗೆ ಹೊತ್ತುಕೊಂಡು ಹೋದೆ. ಅವ್ವೆ ಸೊಪ್ಪು ಸೋಸುತ್ತಿದ್ದಳು.

"ನೀ ಬರೆವೆ ತಾನೆ, ಹೊಡೆವೆಯಾ?" ಅಂದಳು. "ಬರೆದ ಗಂಟೆಗ ಸದ್ದು ಎಲ್ಲಿ?"

ಹೀಗೆ ಪ್ರಶ್ನೆ ತೀರ್ಮಾನವಾಯಿತು. ಮಠದ ಸ್ವಾಮಿಗಳಾಗಿದ್ದರೆ ಒಂದು ತಿಂಗಳಾದರೂ ಹಿಡಿಯುತ್ತಿತ್ತು.

ಕ್ರಿಸ್ಮಸ್ಸಿಗೆ ಮಾತ್ರ ಬ್ಯಾಂಡಿನ ಟ್ರಾಂಬೋನಿನವರು ನಾಲ್ವರು ಚರ್ಚಿಗೆ ಬರಲು ದೊಡ್ಡ ಸಾಹೇಬರ ಅಪ್ಪಣೆಯಿತ್ತು. ಅವರ ಮುಖಂಡ ಒಬ್ಬ ಹವಾಲ್ದಾರ್, ತಂಜಾವೂರು ಕಡೆಯ ನಾಗಸ್ವರದ ಮನೆತನ. ಟ್ರಾಂಬೋನಿಗೆ ತೂತುಗಳಿಲ್ಲ, ಉದ್ದದ ಕೊಳವೆಯನ್ನು ಎಳೆದು ನೂಕಿ ಸ್ವರ ತೆಗೆಯಬೇಕು. ಆ ಎಳೆದಾಟದಲ್ಲಿ ಈ ಮನುಷ್ಯ ಜರ್ಮನಿಯ ಹಳೆಯ ಕೀರ್ತನೆಗಳಿಗೂ ಒಂದೊಂದು ಗಮಕ ತೂರಿಸಿಬಿಡುತ್ತಿದ್ದ. ದೇವರು ಯಾವ ಊರಿನವನೆಂದು ಕ್ಷಣಕಾಲ ಅನುಮಾನ ಬರುವಂತಿರುತ್ತಿತ್ತು. ಇದರ ಮೇಲೆ ನಮ್ಮ ಡಿಸೆಂಬರಿನ ಚಳಿ. ಚಳಿಗೆ ಟ್ರಾಂಬೋನಿನ ಶ್ರುತಿ ಇಳಿಯುತ್ತದೆ, ಗಂಟೆಯದು ಕೂದಲೆಳೆಯಷ್ಟು ಏರುತ್ತದೆ. ಬೀಗರಿಬ್ಬರು ಒಂದೇ ಚಾವಡಿಯಲ್ಲಿ ಕುಳಿತಂತೆ. ಊದುವವರು ಅಭ್ಯಾಸಕ್ಕೆ ಮೊದಲು ಕೊಳವೆಗೆ ಬಿಸಿಯುಸಿರು ತುಂಬುತ್ತ ನಿಂತಿರುವಾಗ ಗಂಟೆಯವರು ಅವರನ್ನು ತಾತ್ಸಾರದಿಂದ ನೋಡುತ್ತಿದ್ದರು.

ಗಂಟೆಯವರಲ್ಲಿ ಹೆಚ್ಚು ತಾತ್ಸಾರ ಮಾಡಬಲ್ಲವರು ಸಿಸ್ಟರಮ್ಮ. ಸನ್ಯಾಸಿನಿಯಲ್ಲ, ಆಸ್ಪತ್ರೆಯಲ್ಲಿ ನರ್ಸುಗಳ ಮೇಲೆ ಅಧಿಕಾರ ನಡೆಸಿ ನಿವೃತ್ತರಾದ ತಮಿಳು ಹೆಂಗಸು. ಗಂಜಿ ಹಾಕಿದ ಬಿಳಿ ಸೀರೆ, ಗಂಜಿ ಹಾಕಿದಂಥದೇ ಮಾತು. ಅಭ್ಯಾಸಕ್ಕೆ ಯಾರಾದರೂ ತಡವಾಗಿ ಬಂದರೆ ಪಾದ್ರಿಗಳು ಸುಮ್ಮನಿರುತ್ತಿದ್ದರು, ಇವರು ಇರುತ್ತಿರಲಿಲ್ಲ. ಒಮ್ಮೆ ಪಾದ್ರಿಗಳೇ ತಡವಾಗಿ ಬಂದು ಅನುಭವಿಸಿದರು. ಇವರ ಕೈಯಲ್ಲಿದ್ದವು ಎಫ್ ಶಾರ್ಪ್ ಮತ್ತು ಸಿ ಶಾರ್ಪ್, ಅರ್ಧ ಮೆಟ್ಟಿಲು ಏರಿಸಿದ ಸ್ವರಗಳು. ಚರ್ಚಿನ ಆರ್ಗನ್ನಿನ ಜೊತೆ ಹಾಡುತ್ತಿದ್ದ ಕಾಲದಿಂದ ನಮ್ಮ ಕೀರ್ತನೆಗಳೆಲ್ಲ ಜಿ ಶ್ರುತಿಯಲ್ಲೋ ಡಿ ಶ್ರುತಿಯಲ್ಲೋ ಇರುತ್ತಿದ್ದವು. ಜಿ ಶ್ರುತಿಯಲ್ಲಿ ಎಫ್ ಶಾರ್ಪ್ ಎಂದರೆ ನಮ್ಮ ಲೆಕ್ಕದಲ್ಲಿ ಮೇಲಿನ ಷಡ್ಜದ ಮೆಟ್ಟಿಲಲ್ಲಿ ನಿಂತ ನಿಷಾದ. ಅದು ನುಡಿಯದೆ ಯಾವ ಸಾಲೂ ಸರಿಯಾಗಿ ಮುಗಿಯದು. ಅದರ ಬೆಲೆ ಸಿಸ್ಟರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಸಾಲಿನ ಕೊನೆಗೆ ಬಂದಾಗ ಅವರು ಗಂಟೆಯನ್ನು ಎತ್ತುವ ರೀತಿಯಲ್ಲಿ ಉಳಿದವರಿಗೆಲ್ಲ ಈಗ ಮನೆಗೆ ಹೋಗಬಹುದು ಎಂದು ರಜೆ ಮಂಜೂರು ಮಾಡಿದ ಗತ್ತಿರುತ್ತಿತ್ತು.

ನನಗೂ ಅವರಿಗೂ ಒಂದು ಸಲಿಗೆ. ನಾನು ಅಕ್ಕಾ ಎನ್ನುತ್ತಿದ್ದೆ, ಅವರು ತಂಬಿ ಎನ್ನುತ್ತಿದ್ದರು. ನನ್ನ ತಪ್ಪುಗಳನ್ನು ಮೊದಲು ಹಿಡಿಯುತ್ತಿದ್ದವರೂ ಅವರೇ. ಹಿಡಿದು, ಎಲ್ಲರ ಮುಂದೆ ಹೇಳುತ್ತಿದ್ದವರೂ ಅವರೇ.

ಒಂದು ವರ್ಷ ಮಳೆಗಾಲ ಕಳೆಯುವ ಹೊತ್ತಿಗೆ ಅವರ ಕೈ ನಡುಗತೊಡಗಿತು. ಬಲಗೈ. ಬೇರೆ ವಾದ್ಯವಾಗಿದ್ದರೆ ಸಣ್ಣ ನಡುಕ ಮುಚ್ಚಿಹೋಗುತ್ತಿತ್ತು, ಹೊಗಳುವವರೂ ಇರುತ್ತಿದ್ದರು. ಕೈಗಂಟೆಯಲ್ಲಿ ನಡುಕವೆಂದರೆ ನಾಲಿಗೆ ಎರಡು ಸಲ ಬಡಿಯುತ್ತದೆ. ಒಂದು ಟಿಣ್ ಇರಬೇಕಾದಲ್ಲಿ ಟಿಣ್ ಟಿಣ್. ಜೋರಾದ ಕಡೆಗಳಲ್ಲಿ ನಡೆದುಹೋಗುತ್ತಿತ್ತು. ಮೆಲ್ಲನೆಯ ಕೀರ್ತನೆಯಲ್ಲಿ ಮೌನದ ನಡುವೆ ಎರಡನೆಯ ಟಿಣ್ ಬಿದ್ದಾಗ ಎಲ್ಲರೂ ಕಾಗದ ನೋಡುತ್ತಿದ್ದರು. ಸಿಸ್ಟರಮ್ಮ ಮಾತ್ರ ಎದುರಿನ ಗೋಡೆ ನೋಡುತ್ತಿದ್ದರು.

ಪಾದ್ರಿಗಳು ನನ್ನನ್ನು ಕರೆಸಿ, ಹವಾಮಾನದ ವಿಷಯ ಮಾತಾಡಿ, ಚಹಾದ ಎಲೆಯ ವಿಷಯ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು. ಈ ಸಲದ ಕ್ರಿಸ್ಮಸ್ಸಿಗೆ ದೊಡ್ಡ ಸಾಹೇಬರು ಮದ್ರಾಸಿನಿಂದ ಅತಿಥಿಗಳನ್ನು ಕರೆತರುತ್ತಾರಂತೆ. ಸಿಸ್ಟರಮ್ಮನಿಗೆ ವಿಶ್ರಾಂತಿಯ ಅಗತ್ಯವಿದೆಯಂತೆ. ಅದನ್ನು ಅವರಿಗೆ ಹೇಳಲು ನಾನೇ ತಕ್ಕವನಂತೆ, ಏಕೆಂದರೆ ನಾನು ಸಭೆಯವನಲ್ಲ. ಕೋಪ ಬಂದರೂ ಅದು ಚರ್ಚಿನ ಒಳಗೆ ಹರಡುವುದಿಲ್ಲ. ಅನ್ಯಧರ್ಮೀಯನೊಬ್ಬ ಇಷ್ಟು ಉಪಯೋಗಕ್ಕೆ ಬರಬಹುದೆಂದು ನನಗೆ ಅದುವರೆಗೆ ತಿಳಿದಿರಲಿಲ್ಲ.

ಒಂದು ಸಂಜೆ ಅವರ ಮನೆಗೆ ಹೋದೆ. ಕೂನೂರು ರಸ್ತೆಯ ಕೆಳಗಿನ ಸಣ್ಣ ಮನೆ, ಮುಂದೆ ಜೆರೇನಿಯಂ ಕುಂಡಗಳು. ಅವರು ಚಹಾ ಮಾಡಿಕೊಟ್ಟರು. ತಟ್ಟೆಯ ಮೇಲೆ ಬಟ್ಟಲು ಕಟಕಟ ಸದ್ದು ಮಾಡುತ್ತ ನನ್ನ ಬಳಿಗೆ ಬಂತು. ಇಬ್ಬರೂ ಅದನ್ನು ಕೇಳಿಸಿಕೊಳ್ಳಲಿಲ್ಲ. ಈ ವರ್ಷ ಯಾವ ಕೀರ್ತನೆಗಳು ಎಂದು ವಿಚಾರಿಸಿದರು; ಬೇಸಗೆಯಿಂದಲೇ ಇದಕ್ಕಾಗಿ ಕಾಯುತ್ತಿದ್ದೇನೆ, ಬೇರೆ ಯಾವುದಕ್ಕೂ ಕಾಯುವ ವಯಸ್ಸಲ್ಲ ಇದು ಅಂದರು. ಹತ್ತಿಯ ಬಿಳಿ ಕೈಗವಸು ಹೊಸದಾಗಿ ಹೊಲಿದಿಟ್ಟಿದ್ದರು, ಕಂಚಿಗೆ ಬೆರಳಿನ ಕಲೆ ಬೀಳಬಾರದಲ್ಲ. ನಾನು ಚಹಾ ಕುಡಿದೆ. ಇನ್ನೊಂದು ಬಟ್ಟಲು ಕುಡಿದೆ. ಹೇಳಬೇಕಾಗಿದ್ದ ವಾಕ್ಯವನ್ನು ಹಾಗೆಯೇ ಹೊತ್ತುಕೊಂಡು ಮೇಲಿನ ರಸ್ತೆಗೆ ಹತ್ತಿ ಬಂದೆ.

ಭಾನುವಾರ ಬೆಳಿಗ್ಗೆ ಕುಳಿತು ನಾನು ಎಲ್ಲ ಕೀರ್ತನೆಗಳನ್ನೂ ಬೇರೆ ಶ್ರುತಿಗೆ ಬದಲಿಸಿದೆ.

ಕಾರಣ ಬೇಕಾದವರಿಗೆ ಕಾರಣ ಸಿದ್ಧವಿತ್ತು. ಟ್ರಾಂಬೋನಿಗೆ ಫ್ಲ್ಯಾಟ್, ಅಂದರೆ ಅರ್ಧ ಮೆಟ್ಟಿಲು ಇಳಿಸಿದ ಸ್ವರ, ಇರುವ ಶ್ರುತಿಗಳೇ ಸಲೀಸು. ಎಫ್, ಬಿ ಫ್ಲ್ಯಾಟ್, ಇ ಫ್ಲ್ಯಾಟ್. ಯಾವ ಪುಸ್ತಕ ತೆಗೆದರೂ ಇದೇ ಮಾತು. ಆ ಮೂರು ಶ್ರುತಿಗಳಲ್ಲಿ ಎಫ್ ಶಾರ್ಪಿಗೂ ಸಿ ಶಾರ್ಪಿಗೂ ಕೆಲಸವಿಲ್ಲ ಎಂಬುದು ಆ ಪುಸ್ತಕಗಳ ತಪ್ಪಲ್ಲ. ನಾನು ಯಾರನ್ನೂ ಹೊರಗೆ ಹಾಕಲಿಲ್ಲ. ಮನೆಯನ್ನೇ ಒಂದಿಷ್ಟು ಪಕ್ಕಕ್ಕೆ ಸರಿಸಿ ಕಟ್ಟಿದೆ, ಅವರು ನಿಂತಿದ್ದ ಜಾಗ ಬಯಲಾಯಿತು.

ಒಬ್ಬರಿಗೆ ಬಾರಿಸುವುದೇನೂ ಇಲ್ಲದಿದ್ದರೆ ಅವರ ಹಾಳೆಯಲ್ಲಿ ಸುಮ್ಮನಿರತಕ್ಕದ್ದು ಎಂಬರ್ಥದ ಒಂದು ಪದ ಬರೆದರೆ ಮುಗಿಯಿತು. ಅದೇ ಪದ್ಧತಿ. ಆ ಪದ ಬರೆಯಲು ನನಗೆ ಧೈರ್ಯ ಬರಲಿಲ್ಲ. ಸಿಸ್ಟರಮ್ಮನ ಹಾಳೆಗಳಲ್ಲಿ ನಾನು ಗೆರೆ ಎಳೆದು, ತಾಳದ ಮನೆ ಮನೆಗೂ ಬಿಡುವಿನ ಗುರುತು ಹಾಕುತ್ತ ಹೋದೆ. ಮೆತ್ತಗೆ, ಜೋರಾಗಿ, ನಿಧಾನಿಸಿ ಎಂಬ ಸೂಚನೆಗಳನ್ನೂ ಬರೆದೆ. ಮೆತ್ತಗೆ ಸುಮ್ಮನಿರಿ, ಜೋರಾಗಿ ಸುಮ್ಮನಿರಿ. ನನ್ನ ಜೀವಮಾನದ ಚೆಂದದ ಬರವಣಿಗೆ ಅದು. ಖಾಲಿತನವನ್ನು ಅಷ್ಟು ಶ್ರದ್ಧೆಯಿಂದ ನಮ್ಮ ದಫ್ತರದಲ್ಲಿ ಬೇರೆ ಯಾರೂ ಬರೆದಿರಲಾರರು.

ಮೊದಲ ಅಭ್ಯಾಸದಲ್ಲಿ ಅವರು ಎರಡು ಗಂಟೆಗಳನ್ನೂ ಹಿಡಿದು, ಹಾಳೆ ನೋಡುತ್ತ, ತುಟಿಯಲ್ಲೇ ಎಣಿಸುತ್ತ ನಿಂತರು. ಕೀರ್ತನೆ ಮುಗಿಯಿತು. ನನ್ನದು ಮುಂದಿನದರಲ್ಲಿ ಬರುತ್ತದೇನು ಎಂದು ಕೇಳಿದರು. ಹೌದು ಅಂದೆ. ಮುಂದಿನದು ಮುಗಿದಾಗ ಕೇಳಲಿಲ್ಲ. ಹವಾಲ್ದಾರನಿಗಂತೂ ಸಂತೋಷ ತಡೆಯಲಾಗಲಿಲ್ಲ. ಇಷ್ಟು ವರ್ಷಕ್ಕೆ ರೈಟರಿಗೆ ಊದುವವರ ಕಷ್ಟ ತಿಳಿಯಿತು, ಎಲ್ಲವನ್ನೂ ನಮಗಾಗಿ ಫ್ಲ್ಯಾಟಿಗೆ ಇಳಿಸಿದ್ದಾರೆ ಎಂದು ಎಲ್ಲರೆದುರು ನನ್ನನ್ನು ಹೊಗಳಿದ. ಆ ಹೊಗಳಿಕೆಯನ್ನು ನಾನು ಜ್ವರದ ಕಷಾಯ ಕುಡಿದಂತೆ ಕುಡಿದೆ. ಸಿಸ್ಟರಮ್ಮ ತಲೆಯಾಡಿಸಿದರು. ಮುಂದಿನ ಅಭ್ಯಾಸಕ್ಕೆ, ಪಾಪ ಹುಡುಗರು ಚಳಿಯಲ್ಲಿ ಊದುತ್ತಾರೆ ಎಂದು ಟ್ರಾಂಬೋನಿನವರಿಗೆ ಪ್ಲಮ್ ಕೇಕ್ ಮಾಡಿ ತಂದರು. ನನಗೂ ಒಂದು ತುಂಡು ಕೊಟ್ಟರು. ದೊಡ್ಡ ತುಂಡು.

ನಮ್ಮ ಸುತ್ತಲಿನ ಹಟ್ಟಿಗಳಲ್ಲಿ ಸತ್ತವರ ಶವದ ಮುಂದೆ ಹಿರಿಯನೊಬ್ಬ ನಿಂತು ಪಾಪಗಳನ್ನು ಒಂದೊಂದಾಗಿ ಕೂಗಿ ಹೇಳುವ ಪದ್ಧತಿಯಿದೆ. ಗಡಿಯ ಕಲ್ಲು ಸರಿಸಿದ್ದು, ಹಲ್ಲಿಯನ್ನು ಕೊಂದದ್ದು, ದಾರಿಹೋಕನಿಗೆ ತಪ್ಪುದಾರಿ ತೋರಿಸಿದ್ದು. ಸತ್ತವನು ಮಾಡಿದ್ದನೋ ಇಲ್ಲವೋ, ಪಟ್ಟಿ ಎಲ್ಲರಿಗೂ ಒಂದೇ. ಕೂಗಿದ ಮೇಲೆ ಎಲ್ಲವೂ ಪರಿಹಾರ. ಲಿಂಗ ಕಟ್ಟಿದ ನಮ್ಮ ಮನೆಗಳಿಗೆ ಈ ಅನುಕೂಲವಿಲ್ಲ. ಇದ್ದರೂ ಪ್ರಯೋಜನವಿರುತ್ತಿರಲಿಲ್ಲ. ಜಿ ಶ್ರುತಿಯನ್ನು ಬಿ ಫ್ಲ್ಯಾಟಿಗೆ ಬದಲಿಸಿದ ಪಾಪವನ್ನು ನಮ್ಮ ಪೂರ್ವಿಕರು ಮುಂಗಾಣಲಿಲ್ಲ.

ಕೇಕ್ ತಿಂದ ವಾರ ನನಗೆ ಸರಿಯಾಗಿ ಊಟ ಸೇರಲಿಲ್ಲ. ಕೊನೆಯ ಕೀರ್ತನೆಯನ್ನು ಮತ್ತೆ ತೆಗೆದೆ. ಬಿ ಫ್ಲ್ಯಾಟಿನದು, ಎಲ್ಲಕ್ಕಿಂತ ಮೆಲ್ಲನೆಯದು. ಮುಗಿಯುವ ಸ್ವಲ್ಪ ಮೊದಲು ಒಂದು ಕಡೆ ರಾಗ ಒಂದು ಗಳಿಗೆ ದುಃಖದ ಕಡೆ ತಿರುಗಿ ಮತ್ತೆ ಬರುತ್ತದೆ. ಆ ತಿರುವಿನ ಹೊಸ್ತಿಲಲ್ಲಿ ಒಂದು ಎಫ್ ಶಾರ್ಪನ್ನು ಕೂರಿಸಬಹುದು. ಆ ಶ್ರುತಿಗೆ ಸೇರದ ಸ್ವರ, ನಮ್ಮ ವಿದ್ವಾಂಸರು ಅನ್ಯಸ್ವರ ಎನ್ನುವಂಥದು. ಆದರೂ ಸೊಗಸಾಗಿ ಹೊಂದುತ್ತದೆ. ಒಂದೇ ಒಂದು. ಸಿಸ್ಟರಮ್ಮನ ಹಾಳೆಯ ಅಷ್ಟೂ ಬಿಡುವುಗಳ ನಡುವೆ ಒಂದು ಹುಣಿಸೆಬೀಜ ಹಾಕಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಸಾಧಾರಣ ಪಾಪಿಯಾಗಿ ಉಳಿಯುತ್ತಿದ್ದೆ. ಆದರೆ ಗುಮಾಸ್ತನ ಬುದ್ಧಿ. ಯಾವ ಕಾಗದಕ್ಕೂ ಒಂದು ನಕಲು ಇರಬೇಕು. ಸಿಸ್ಟರಮ್ಮನ ಕೈ ಆ ಹೊತ್ತಿಗೆ ಕೈಕೊಟ್ಟರೆ? ಪಾದ್ರಿಗಳು, ಸಾಹೇಬರು, ಮದ್ರಾಸಿನ ಅತಿಥಿಗಳು? ಅದೇ ಎಫ್ ಶಾರ್ಪನ್ನು ನಾನು ಹವಾಲ್ದಾರನ ಟ್ರಾಂಬೋನಿಗೂ ಬರೆದುಬಿಟ್ಟೆ. ಒಂದಲ್ಲ ಎರಡಲ್ಲ, ಗಂಟೆ ಎಷ್ಟು ಸಲ ಬಡಿದರೂ ಹಿತ್ತಾಳೆ ಕೊಳವೆಯ ದಪ್ಪ ದನಿಯ ಕೆಳಗೆ ಅಡಗಿಹೋಗುತ್ತದೆ. ಎಲ್ಲರಿಗೂ ನ್ಯಾಯ ಒದಗಿಸಿದೆನೆಂದು ನನಗೆ ಅಂದು ಒಳ್ಳೆಯ ನಿದ್ದೆಯೂ ಬಂತು. ಅದನ್ನು ನೆನೆದರೆ ಈಗ ನಿದ್ದೆ ಹೋಗುತ್ತದೆ.

ಕ್ರಿಸ್ಮಸ್ಸಿಗೆ ಮುಂಚಿನ ಅಭ್ಯಾಸ. ಹೊಸ ಹಾಳೆ ಕೊಟ್ಟಾಗ ಸಿಸ್ಟರಮ್ಮ ಆ ಒಂದು ಸ್ವರವನ್ನು ಕಂಡರು. ಕೈಗವಸನ್ನು ಬಿಚ್ಚಿ ಮತ್ತೆ ಸರಿಯಾಗಿ ಹಾಕಿಕೊಂಡರು. ಆ ಜಾಗ ಬಂತು. ಅವರು ಗಂಟೆ ಎತ್ತಿದರು, ಬೀಸಿದರು. ಅದೇ ಕ್ಷಣಕ್ಕೆ ಹವಾಲ್ದಾರ ಕೊಳವೆ ಎಳೆದು, ತನ್ನ ಅಪ್ಪನ ನಾಗಸ್ವರವೇ ನಾಚುವಂತೆ ಒಂದು ಎಫ್ ಶಾರ್ಪ್ ಊದಿದ. ಗಂಟೆ ನುಡಿಯಿತೋ ಇಲ್ಲವೋ, ಬಾರಿಸಿದವರಿಗೇ ಕೇಳಿಸುವಂತಿರಲಿಲ್ಲ.

ಎಲ್ಲರೂ ಹೊರಟ ಮೇಲೆ ಅವರು ನನ್ನನ್ನು ಗಂಟೆಗಳ ಮೇಜಿನ ಬಳಿಗೆ ಕರೆದರು. ನಾನು ಅವರ ಸಿಟ್ಟನ್ನು ಎದುರಿಸಲು ಸಿದ್ಧನಾಗಿ ಹೋದೆ. ಸಿಟ್ಟಿರಲಿಲ್ಲ. ಜ್ವರ ನೋಡುವಾಗಿನ ದನಿಯಲ್ಲಿ ಕೇಳಿದರು, "ಎಫ್ ಶಾರ್ಪ್ ಇರೋ ಒಂದೇ ಒಂದು ಹಾಡೂ ನಿನಗೆ ಸಿಗಲಿಲ್ಲ, ಅಲ್ವಾ ತಂಬಿ?"

ಟ್ರಾಂಬೋನಿಗೆ ಫ್ಲ್ಯಾಟೇ ಸಲೀಸು ಎಂದು ನಾನು ಶುರುಮಾಡಿದೆ.

"ಅದು ನನಗೂ ಗೊತ್ತು. ಹೋದ ವರ್ಷಾನೂ ಟ್ರಾಂಬೋನಿಗೆ ಫ್ಲ್ಯಾಟೇ ಸಲೀಸಾಗಿತ್ತು." ಗಂಟೆಯನ್ನು ಬಟ್ಟೆಯಿಂದ ಒರೆಸುತ್ತಲೇ ಮಾತಾಡಿದರು. "ವಾರ್ಡಿನಲ್ಲಿ ಕೈ ನಡುಗೋ ನರ್ಸಿಗೆ ಇಂಜೆಕ್ಷನ್ ಹಾಕೋಕೆ ಬಿಡಲ್ಲ. ಸಿರಿಂಜು ಕೆಳಗಿಡು ಅಂತ ಮುಖದ ಮೇಲೆ ಹೇಳ್ತೀವಿ. ಅವಳು ಅಳ್ತಾಳೆ, ಅಳಲಿ. ಆದರೆ ಖಾಲಿ ಸಿರಿಂಜು ಕೈಗೆ ಕೊಟ್ಟು, ಆ ಕಡೆಯಿಂದ ಇನ್ನೊಬ್ಬಳ ಕೈಲಿ ನಿಜವಾದ ಮದ್ದು ಹಾಕಿಸೋದಿಲ್ಲ. ಅಷ್ಟು ಕೆಟ್ಟ ಸಿಸ್ಟರ್ ನಾನಾಗಿರಲಿಲ್ಲ."

ಕ್ಷಮಿಸಿ ಅಕ್ಕಾ ಎಂದೆನೋ, ಎನ್ನಬೇಕೆಂದುಕೊಂಡೆನೋ.

"ಅವನ ಕೊಳವೆಯಿಂದ ತೆಗಿ, ಇಲ್ಲಾಂದ್ರೆ ನನ್ನ ಕೈಯಿಂದ ತೆಗಿ," ಅಂದರು. "ಎರಡೂ ಕಡೆ ಇಡಬೇಡ."

ಅವರ ಕೈಯಿಂದ ತೆಗೆಯುವುದು ಸುಲಭವಿತ್ತು, ಪಾದ್ರಿಗಳು ಬಯಸಿದ್ದೂ ಅದನ್ನೇ. ನಾನು ಮರುದಿನ ಕಚೇರಿಯಲ್ಲಿ ಬ್ಲೇಡು ಹಿಡಿದು ಹವಾಲ್ದಾರನ ಹಾಳೆಯಿಂದ ಆ ಸ್ವರವನ್ನು ಕೆರೆದೆ. ಅವನು ಬಂದು ಪಕ್ಕದಲ್ಲಿ ನಿಂತು, ಇಡೀ ಹಾಡಿನಲ್ಲಿ ಉಪ್ಪು ಖಾರ ಇದ್ದದ್ದು ಅದೊಂದೇ ಕಡೆ, ಅದನ್ನೂ ಕಿತ್ತುಕೊಳ್ಳುತ್ತೀರಲ್ಲ ಎಂದು ಗೊಣಗಿದ. ನಂತರ ತಗ್ಗಿದ ದನಿಯಲ್ಲಿ, "ಅಲ್ಲಿ ನಾನು ಊದಿದ್ರೆ ಸಿಸ್ಟರಮ್ಮನಿಗೂ ಒಳ್ಳೇದಲ್ವಾ ರೈಟರ್?" ಅಂದ. ಒಳ್ಳೆಯದೇ ಅಂದೆ. ಮತ್ತೆ ಯಾಕೆ ಅಂದ. ಅದೇ ಕಾರಣಕ್ಕೆ ಅಂದೆ. ಅವನು ನನ್ನ ಮುಖ ನೋಡಿ ಹೋದ. ಕೆರೆದ ಜಾಗದಲ್ಲಿ ಕಾಗದ ತೆಳುವಾಗಿ, ಬೆಳಕಿಗೆ ಹಿಡಿದರೆ ಕಿಟಕಿ ಕಾಣುತ್ತಿತ್ತು.

ಈ ನಿರ್ಧಾರ ಧರ್ಮದ್ದೆಂದು ಹೇಳಿಕೊಳ್ಳುವ ಆಸೆ ನನಗಿದೆ. ನಿಜ ಹೇಳುವುದಾದರೆ, ಎರಡು ಭಯಗಳಲ್ಲಿ ಪಾದ್ರಿಗಳದು ಸಣ್ಣದಾಗಿತ್ತು.

ಕ್ರಿಸ್ಮಸ್ ದಿನ ಇಳಿಹೊತ್ತಿನ ಆರಾಧನೆ. ಬೆಳಿಗ್ಗೆ ಹುಲ್ಲಿನ ಮೇಲೆ ಬಿದ್ದ ಹಿಮ ಮರದ ನೆರಳಿನ ಕಡೆ ಇನ್ನೂ ಕರಗಿರಲಿಲ್ಲ. ದೊಡ್ಡ ಸಾಹೇಬರು ಮುಂದಿನ ಸಾಲಿನಲ್ಲಿ, ಅತಿಥಿಗಳು ಶಾಲು ಹೊದ್ದು ಅವರ ಪಕ್ಕದಲ್ಲಿ. ನಾನು ಕಂಬದ ಹಿಂದೆ. ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಗಂಟೆಗಳು, ಅವುಗಳ ಕೆಳಗೆ ಹಾಸಿದಂತೆ ಟ್ರಾಂಬೋನುಗಳು. ಶ್ರುತಿ ಕೂಡ ಅಂದು ಬೀಗತನ ಮರೆತು ಒಂದಾಗಿತ್ತು. ಸಿಸ್ಟರಮ್ಮ ಕೀರ್ತನೆಯ ಮೇಲೆ ಕೀರ್ತನೆ ಎರಡು ಗಂಟೆಗಳನ್ನೂ ಎದೆಗೆ ಒತ್ತಿಕೊಂಡು, ಬಿಡುವುಗಳನ್ನು ಎಣಿಸುತ್ತ ನೆಟ್ಟಗೆ ನಿಂತಿದ್ದರು.

ಕೊನೆಯ ಕೀರ್ತನೆ. ತಿರುವು ಬಂತು. ಟ್ರಾಂಬೋನುಗಳು ನಿಂತವು. ಹವಾಲ್ದಾರ ತುಟಿಯಿಂದ ವಾದ್ಯವನ್ನು ಇಳಿಸಿ ನೆಲ ನೋಡಿದ. ನಾನು ಕೆರೆದು ಮಾಡಿದ ಆ ಸಣ್ಣ ಬಯಲಿನಲ್ಲಿ ಸಿಸ್ಟರಮ್ಮನ ಬಲಗೈ ಮೇಲೇರಿತು.

ಗಂಟೆ ನುಡಿಯಿತು. ಅದರ ಬೆನ್ನಿಗೇ ಇನ್ನೊಮ್ಮೆ ನುಡಿಯಿತು. ಚರ್ಚಿನ ಕೊನೆಯ ಬೆಂಚಿನ ತನಕ ಕೇಳುವಷ್ಟು ಸ್ಪಷ್ಟವಾಗಿ, ಎರಡು ಸಲ. ಅವರು ಗಂಟೆಯನ್ನು ಭುಜಕ್ಕೆ ಒತ್ತಿ ನಾದವನ್ನು ನಿಲ್ಲಿಸಿದರು. ಉಳಿದ ಗಂಟೆಗಳು ಸೇರಿಕೊಂಡವು, ಟ್ರಾಂಬೋನುಗಳು ಬಂದವು, ಹಾಡು ಮುಗಿಯಿತು. ಪಾದ್ರಿಗಳು ತಿರುಗಿ ನೋಡಿದ್ದು ಅವರನ್ನಲ್ಲ, ಕಂಬದ ಹಿಂದಿನ ನನ್ನನ್ನು. ದೊಡ್ಡ ಸಾಹೇಬರು ಅತಿಥಿಗಳಿಗೆ ಏನೋ ಹೇಳಿ ನಕ್ಕರು. ಕೀರ್ತನೆಯ ಬಗ್ಗೆ ಇರಬಹುದು, ಚಳಿಯ ಬಗ್ಗೆ ಇರಬಹುದು. ಅತಿಥಿಗಳೂ ನಕ್ಕರು.

ಜನ ಪಕ್ಕದ ಹಾಲಿನಲ್ಲಿ ಕಾಫಿಗೆ ಸೇರಿದರು. ಸಿಸ್ಟರಮ್ಮ ಬರಲಿಲ್ಲ. ಹೋಗಿ ನೋಡಿದರೆ ಮೇಜಿನ ಬಳಿ ಒಬ್ಬರೇ ನಿಂತು ಗಂಟೆಗಳನ್ನು ಒರೆಸುತ್ತಿದ್ದರು. ದಾರಿಯಲ್ಲಿ ನಾನು ಕೆಲವು ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಯಾರಿಗೂ ತಿಳಿಯಲಿಲ್ಲ ಎಂಬುದೊಂದು. ಬರೆದದ್ದೇ ಹಾಗೆ ಎಂದುಕೊಂಡರು ಎಂಬುದೊಂದು. ಮುಂದಿನ ವರ್ಷ ಎಲ್ಲವನ್ನೂ ಜಿ ಶ್ರುತಿಯಲ್ಲೇ ಬರೆಯುತ್ತೇನೆ, ನೀವು ಇರಲೇಬೇಕು ಎಂಬುದು ಮುಖ್ಯವಾದದ್ದು. ಅದನ್ನು ಮೊದಲು ಹೇಳಬೇಕೆಂದಿದ್ದೆ.

"ಕೇಳಿಸ್ತು ತಂಬಿ," ಎಂದು ಅವರೇ ಶುರುಮಾಡಿದರು. "ಕೈ ತಾನೆ ನಡುಗೋದು, ಕಿವಿ ಸರಿಯಾಗಿದೆ. ನನಗೆ ಕೇಳಬೇಕಿತ್ತು, ಕೇಳಿದೆ. ಸಾಕು." ಬಟ್ಟೆಯನ್ನು ಮಡಚಿಟ್ಟರು. "ಪಾದ್ರಿಗೆ ನಾನೇ ಹೇಳ್ತೀನಿ. ನಿನ್ನನ್ನ ಕಳಿಸಿದ್ರೆ ಟೀ ಕುಡಿದು ವಾಪಸ್ ಬರ್ತೀಯ."

ಅವರ ಮನೆಗೆ ಆ ಸಂಜೆ ನಾನು ಯಾಕೆ ಹೋಗಿದ್ದೆನೆಂದು ಅವರಿಗೆ ಮೊದಲ ಬಟ್ಟಲಿನಲ್ಲೇ ತಿಳಿದಿತ್ತು. ಎರಡನೆಯ ಬಟ್ಟಲು ಕೊಟ್ಟದ್ದು ನನಗೆ ಇನ್ನೊಂದು ಅವಕಾಶವೆಂದು.

ಜೋಡಿಸಿಕೊಂಡಿದ್ದ ವಾಕ್ಯಗಳನ್ನು ಹೇಳಲು ಇದೇ ಸಮಯ. ಬಾಯಿ ತೆರೆದೆ. ಅಷ್ಟರಲ್ಲಿ ಒಳಗೆ ಏನೋ ಹಗುರಾಯಿತು. ಮುಂದಿನ ವರ್ಷ ಯಾರಿಗೂ ಹೆದರದೆ ಯಾವ ಶ್ರುತಿಯಲ್ಲಿ ಬೇಕಾದರೂ ಬರೆಯಬಹುದು ಎಂಬ ಎಣಿಕೆ ನನ್ನ ಅಪ್ಪಣೆಯಿಲ್ಲದೆಯೇ ಮುಗಿದುಹೋಗಿತ್ತು. ಅವರು ಎರಡು ಗಂಟೆಗಳನ್ನೂ ಮೇಜಿನಿಂದ ಎತ್ತಿಕೊಂಡಿದ್ದರು, ಇನ್ನೂ ನನ್ನ ಕಡೆಗೆ ಚಾಚಿರಲಿಲ್ಲ. ಪೆಟ್ಟಿಗೆಯಲ್ಲಿ ಅವರೇ ಇಡಬೇಕೆಂದಿದ್ದರೋ ಏನೋ. ಇಸಿದುಕೊಳ್ಳಲು ನನ್ನ ಕೈ ಆಗಲೇ ಮುಂದೆ ಹೋಗಿತ್ತು.

ಸಿಸ್ಟರಮ್ಮ ಆ ಕೈಯನ್ನು ನೋಡಿದರು. ಒಳ್ಳೆಯ ನರ್ಸು ನೋಡುವಂತೆ, ಆತುರವಿಲ್ಲದೆ ನೋಡಿದರು. ಅದು ಸ್ವಲ್ಪವೂ ನಡುಗುತ್ತಿರಲಿಲ್ಲ.